ಹೊಳೆಯ ಹಕಾರ

ಟೈಪ್‌ರೈಟರಿನ ಗುಂಡಿಗಳನ್ನು ಗುದ್ದಿ ಗುದ್ದಿ ಮೇಷ್ಟ್ರ ಹತ್ತೂ ಬೆರಳುಗಳ ತುದಿ ಚಪ್ಪಟೆಯಾಗಿ, ಪುಟ್ಟ ಸೌಟುಗಳಂತೆ ಕಾಣುತ್ತಿದ್ದವು. ಆದರೆ ಹೊಳೆನರಸೀಪುರದ ಅವರ ಟೈಪಿಂಗ್ ಶಾಲೆಯಲ್ಲಿ ಬೆರಳಿಗಿಂತ ನಾಲಿಗೆಗೇ ಶಿಕ್ಷೆ ಹೆಚ್ಚು. ತಡವಾಗಿ ಬಂದು "ಅಸು ಕರೀತಿದ್ದೆ ಸಾ" ಎಂದವನಿಗೆ, "ಮೊದಲು ಹಸುವಿಗೆ ಹಕಾರ ಕಟ್ಟು, ಆಮೇಲೆ ಕರಿ" ಎನ್ನುತ್ತಿದ್ದರು. ಊರಿಗೆ ಊರೇ ಹಕಾರ ತಿನ್ನುವಾಗ ಅವರೊಬ್ಬರದೇ ಉಪವಾಸ.

ಎರಡು ಸಾವಿರದ ಇಸವಿ ದಾಟುತ್ತಿದ್ದಂತೆ ಟೈಪಿಂಗ್ ಕಲಿಯುವವರೇ ಇಲ್ಲವಾದರು. ಮೇಷ್ಟ್ರು ಕಂಪ್ಯೂಟರ್ ಕೊಂಡು ಡೇಟಾಬೇಸ್ ಕಲಿತರು. ರಾಮನಾಥಪುರದ ಹೊಗೆಸೊಪ್ಪು ಬೆಳೆಗಾರರ ಸಂಘವೊಂದು ಸದಸ್ಯರ ವಿವರ ತುಂಬಲು ಕಂಪ್ಯೂಟರಿನಲ್ಲೊಂದು ಫಾರಂ ಕೇಳಿತು. ಆ ಕೆಲಸ ಸಿಕ್ಕರೆ ಶಾಲೆ ಉಳಿಯುತ್ತಿತ್ತು, ಇಲ್ಲವಾದರೆ ಬೀಗ. ಸಹಾಯಕ್ಕೆ ಹಳೆಯ ಶಿಷ್ಯನಾದ ನಾನು.

ಫಾರಂನಲ್ಲಿ ಎರಡು ಪಟ್ಟಿ. ಮೊದಲನೆಯದರಲ್ಲಿ ತಾಲ್ಲೂಕು ಆರಿಸಿದರೆ ಎರಡನೆಯದರಲ್ಲಿ ಅದರ ಹೋಬಳಿಗಳಷ್ಟೇ ಇಳಿಯಬೇಕು. "ತಾಲ್ಲೂಕು ಬದಲಾಯಿತೆಂದು ಹೋಬಳಿಗೆ ನಾವೇ ಹೇಳಿಕಳಿಸಬೇಕು ಕಣಯ್ಯ. ಅದು ಹೊಸ ಅಳಿಯ, ಕರೆಯದೆ ಊಟಕ್ಕೆ ಏಳುವುದಿಲ್ಲ" ಎಂದು ಮೇಷ್ಟ್ರು ಪ್ರೋಗ್ರಾಮಿನಲ್ಲಿ ಅದಕ್ಕೊಂದು ಸಾಲು ಬರೆದರು.

ಎಲ್ಲವನ್ನೂ ಫ್ಲಾಪಿಗೆ ತುಂಬಿಕೊಂಡು ಬಸ್ಸಿನಲ್ಲಿ ಸಂಘದ ಕಚೇರಿಗೆ ಹೋದೆವು. ಅಲ್ಲಿನ ಕಂಪ್ಯೂಟರಿನಲ್ಲಿ, ಸಂಘದವರ ಮುಂದೆ ಅರಕಲಗೂಡು ಒತ್ತಿದರೆ ರಾಮನಾಥಪುರ, ಚನ್ನರಾಯಪಟ್ಟಣ ಒತ್ತಿದರೆ ದಂಡಿಗನಹಳ್ಳಿ, ಎಲ್ಲ ವಿಧೇಯವಾಗಿ ಇಳಿದವು.

"ಎಲ್ಲಿ, ನಿಮ್ಮೂರು ತೋರ್ಸಿ ಸಾ" ಎಂದರು ಅಧ್ಯಕ್ಷರು.

ಮೇಷ್ಟ್ರು ಹೊಳೆನರಸೀಪುರ ಒತ್ತಿದರು. ಎರಡನೆಯ ಪಟ್ಟಿ ಖಾಲಿ.

ಬಿಚ್ಚಿ ನೋಡಿದರೆ, ತಾಲ್ಲೂಕುಗಳ ಕೋಷ್ಟಕದಲ್ಲಿ ಊರಿನ ಹೆಸರು ಇಂಗ್ಲಿಷಿನ ಎಚ್ ಅಕ್ಷರದಿಂದ ಶುರು. ಹೋಬಳಿಗಳ ಕೋಷ್ಟಕದಲ್ಲಿ ಓ ಅಕ್ಷರದಿಂದ. ಹೆಸರು ತಾಳೆಯಾಗದೆ ಅಳಿಯಂದಿರು ಏಳಲಿಲ್ಲ. ಎಚ್ ಹಾಕಿದವನು ನಾನು. ಅದು ಮೇಷ್ಟ್ರ ಶಿಕ್ಷಣದ ಫಲ. ಓ ಹಾಕಿದವರು ಸಾಕ್ಷಾತ್ ಮೇಷ್ಟ್ರು. ಅದು ಅವರ ತಾಯಿಯ ಮಾತಿನ ಫಲ.

"ಅಯ್ಯೋ, ನಿಮ್ಮ್ ಒಳೇನೇ ಬತ್ತೋಗೈತಲ್ಲ ಸಾ!" ಎಂದರು ಅಧ್ಯಕ್ಷರು.

ಕೋಣೆಯೆಲ್ಲ ನಕ್ಕಿತು. ಒಂದಕ್ಷರ ತಿದ್ದಿದ್ದರೆ ಸಾಕಿತ್ತು. ಮೇಷ್ಟ್ರು ತಿದ್ದಲಿಲ್ಲ. ಕಿವಿಯೆಲ್ಲ ಕೆಂಪಾಗಿ ಎದ್ದು ನಿಂತು, "ಓಗ್ಲಿ ಬುಡಿ. ನಮ್ಮವ್ವ ಅಂಗೇ ಅಂತಿದ್ಲು" ಎಂದರು. ಫ್ಲಾಪಿ ಜೇಬಿಗೆ ಹಾಕಿಕೊಂಡು ಬಸ್ಸಿಗೆ ನಡೆದೇಬಿಟ್ಟರು. ಅವರ ಬಾಯಲ್ಲಿ ಆ ಭಾಷೆ ನಾನು ಕೇಳಿದ್ದು ಅದೊಂದೇ ಸಲ. ಶಾಲೆಗೆ ಬೀಗ ಬಿತ್ತು.

ಕೆಲವು ವರ್ಷಗಳ ಮೇಲೆ, ಹಾಸನದ ನನ್ನ ಕಚೇರಿಗೆ ಅವರ ಹೆಂಡತಿಯ ಫೋನ್ ಬಂತು.

"ನಿಮ್ಮ್ ಮೇಷ್ಟ್ರು ಓದ್ರು ಕಣಪ್ಪ."

ಸುತ್ತ ಸಹೋದ್ಯೋಗಿಗಳಿದ್ದರು. ನಾನು ನೆಟ್ಟಗೆ ಕೂತು, ನಾಲ್ಕು ಜನಕ್ಕೆ ಕೇಳುವಂತೆ, ಸ್ಪಷ್ಟವಾಗಿ, "ಹೋದರೇ?" ಎಂದೆ.

ಆ ಕಡೆಯಿಂದ ಆ ಮುದುಕಿ, ಪಾಠ ಒಪ್ಪಿಸುವವಳಂತೆ, ತಡೆತಡೆದು ಹೇಳಿದರು:

"ಹೂಂ ಸಾ. ಹೋದರು."