ಡಬ್ಬಿಯ ಮುಚ್ಚಳದ ಬುಧವಾರ

ನೀಲಾ, ಹನುಮೇಶ ಬಂದಿದ್ದ. ಮಸ್ಕಿಯ ಬಸ್‌ನಿಲ್ದಾಣಕ್ಕೆ, ಹೇಳಿದ ದಿನವೇ, ಬೆಳಿಗ್ಗೆಯೇ ಬಂದಿದ್ದ. ಡಬ್ಬಿಯ ಮುಚ್ಚಳದ ಒಳಗೆ ಮಂಗಳವಾರ ಎಂದು ಹಾಕಬೇಕಿದ್ದ ಕಡೆ ಬುಧವಾರ ಎಂದು ಹಾಕಿದವಳು ನಾನು — ಕೈತಪ್ಪಿ ಅಲ್ಲ, ತಿಳಿದೇ.

ಆಗ ನಾನು ಬುಟ್ಟಿ ಹೊತ್ತು ದಢೇಸುಗೂರಿನ ಓಣಿಗಳಲ್ಲಿ ಹಳೆ ಸೀರೆಗೆ ಸ್ಟೀಲ್ ಪಾತ್ರೆ ಕೊಡುತ್ತಿದ್ದವಳು. ಕೊಂಡ ಪಾತ್ರೆಗೆ ಅಲ್ಲೇ ಕುಳಿತು ಹೆಸರು ಹಾಕಿಕೊಡುತ್ತಿದ್ದೆ. ಗಂಡ ಸತ್ತ ಮೇಲೆ ಉಳಿ ಸುತ್ತಿಗೆ ಹಿಡಿದೇ ನಾನು ಅಕ್ಷರ ಕಲಿತದ್ದು, ಚುಕ್ಕಿ ಚುಕ್ಕಿಯಾಗಿ. ನಿಮ್ಮ ಪಡಸಾಲೆಯಲ್ಲಿ ನಿನ್ನ ತಾಯಿ ನನ್ನ ಜೊತೆ ಹಟಕ್ಕೆ ಬಿದ್ದು ಚೌಕಾಶಿ ಮಾಡುತ್ತಿದ್ದರೆ ನೀನು ಬಾಗಿಲ ಹಿಂದಿನಿಂದ ಕೂಗುತ್ತಿದ್ದೆ: "ಯಕ್ಕಾ, ನಮ್ಮವ್ವಗ ತೂತಿನ ಕೊಡ ಕಟ್ಟೀ ಮತ್ತ!" ನಿನ್ನ ನಗು ಕೇಳಲೆಂದೇ ನಿಮ್ಮ ಮನೆಗೆ ಒಂದು ಚಮಚ ಹೆಚ್ಚು ಕೊಟ್ಟದ್ದುಂಟು.

ಹನುಮೇಶ ಪಾಮನಕಲ್ಲೂರಿನ ಹುಡುಗ. ಕಾಲುವೆಯ ತೂಬು ತೆರೆದು ನಿಮ್ಮ ಗದ್ದೆಗೆ ನೀರು ಬಿಡುತ್ತಿದ್ದ. ಅವನು ಬಿಟ್ಟ ನೀರಿನಲ್ಲಿ ಬೆಳೆದ ಅನ್ನ ನಿಮ್ಮ ಮನೆಯಲ್ಲಿ ಎಲ್ಲರಿಗೂ ಬೇಕು. ನಿಮ್ಮ ಮನೆಯ ಲೋಟ ಮಾತ್ರ ಅವನು ಮುಟ್ಟುವ ಹಾಗಿರಲಿಲ್ಲ. ನೀವಿಬ್ಬರೂ ಹೇಗೆ — ಅದನ್ನು ನಾನು ಕೇಳಲಿಲ್ಲ, ನೀನೂ ಹೇಳಲಿಲ್ಲ.

ಅವನು ಕಾಲುವೆಯ ದಂಡೆಯ ಮೇಲೆ ನನ್ನ ಬುಟ್ಟಿ ಇಳಿಸಿ ಒಂದು ಡಬ್ಬಿ, ಒಂದೇ ಥರದ ಎರಡು ಲೋಟ ಆರಿಸಿಕೊಂಡ. ಲೋಟ ತನಗೆ, ಡಬ್ಬಿ ನಿನಗೆ.

"ಮುಚ್ಚಳದ ಒಳಗ ಎರಡ ಶಬ್ದ ಹಾಕಕ್ಕಾ. ಮಂಗಳವಾರ, ಮಸ್ಕಿ. ಆಕಿಗೆ ತಿಳಿತೈತಿ."

"ಯಾರ ಹೆಸರು ಹಾಕ್ಲಿ?"

"ಹೆಸರು ಬ್ಯಾಡ. ಹೆಸರು ನೋಡೇ ಬಡಿತಾರ."

ಸಿಂಧನೂರಿನಲ್ಲಿ ನಿನ್ನ ಅಣ್ಣನನ್ನು ಅರಿಯದವರಿಲ್ಲ, ಅದಕ್ಕೇ ಮಸ್ಕಿ. ಅಲ್ಲಿಂದ ಲಿಂಗಸುಗೂರಿಗೆ, ಅಲ್ಲೊಬ್ಬ ವಕೀಲರು ಮದುವೆಯ ಕಾಗದ ಸಿದ್ಧ ಮಾಡಿಟ್ಟಿದ್ದರು.

ದಂಡೆಯ ಮೇಲೆ ಯಾರೋ ನಮ್ಮನ್ನು ನೋಡಿ ಹೇಳಿರಬೇಕು, ಮರುದಿನವೇ ನಿನ್ನ ಅಣ್ಣ ನನ್ನನ್ನು ಗದ್ದೆಯ ಬದುವಿನ ಮೇಲೆ ನಿಲ್ಲಿಸಿದ. ಸಲಿಕೆಗೆ ಮೆತ್ತಿದ ಕೆಸರನ್ನು ಕಲ್ಲಿನಿಂದ ಕೆರೆಯುತ್ತಿದ್ದ. ತಲೆ ಎತ್ತಲಿಲ್ಲ.

"ಏನಬೇ ಗಂಗವ್ವ, ತೂಬಿನವನ ಕೂಡ ಏನ್ ಯಾಪಾರ ನಡಿಸೀ? ಅವನ ಮನ್ಯಾಗ ಕೊಡಾಕ ಹಳೆ ಸೀರಿನೂ ಇರಂಗಿಲ್ಲಲ್ಲ."

ನಾನು ನಗಲು ನೋಡಿದೆ. ಅವನು ನಗಲಿಲ್ಲ.

"ಕಾಲುವ್ಯಾಗ ಬಿದ್ದವರು ಎಲ್ಲಿ ತೇಲ್ತಾರ ಅಂತ ಹೇಳಾಕ ಬರಂಗಿಲ್ಲ ನೋಡು. ಯಾವತ್ತು ಹೊಂಟಾರ, ಅಷ್ಟ ಹೇಳು. ಸಿಂಧನೂರಾಗ ನಮ್ಮ ಮಳಿಗಿ ಖಾಲಿ ಐತಿ. ಎಷ್ಟಂತ ಬುಟ್ಟಿ ಹೊರ್ತಿ?"

ಅವನು ಸುಮ್ಮನೆ ಹೆದರಿಸುವವನಲ್ಲ ಎಂಬುದು ನಿನಗೇ ಗೊತ್ತು. "ಹುಡುಗನ ಮೈ ಮುಟ್ಟಂಗಿಲ್ಲ ಅಂತ ಮಾತು ಕೊಡ್ರಿ ಧಣೇರ, ದಿನ ಹೇಳ್ತೀನಿ," ಎಂದೆ. ಮಾತು ಕೊಟ್ಟ. ಬುಧವಾರ, ಮಸ್ಕಿ ಎಂದೆ. ಆಮೇಲೆ ಇನ್ನೊಂದು ಮಾತೂ ಆಡಿದೆ — ಅದು ಈಗ ಬರೆಯಲು ಆಗುತ್ತಿಲ್ಲ. ಕೊನೆಗೆ ಹೇಳುತ್ತೇನೆ.

ಮನೆಗೆ ಬಂದು ನಿನ್ನ ಮುಚ್ಚಳದಲ್ಲೂ ಬುಧವಾರ ಎಂದೇ ಹಾಕಿ ಡಬ್ಬಿಯನ್ನು ನಿನಗೆ ಮುಟ್ಟಿಸಿದೆ. ಮಂಗಳವಾರ ನಾನೇ ಮಸ್ಕಿಗೆ ಹೋದೆ. ಹನುಮೇಶ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕಾಯುತ್ತಿದ್ದ. ಸಿಂಧನೂರಿನ ಬಸ್ಸು ಬಂದಾಗಲೆಲ್ಲ ಅವನು ಮುಂದಕ್ಕೆ ಓಡುತ್ತಿದ್ದ, ನಾನು ಹಿಂದಕ್ಕೆ ಸರಿಯುತ್ತಿದ್ದೆ. ಅವನು ನೋಡುತ್ತಿದ್ದದ್ದು ನಿನ್ನನ್ನು. ನಾನು ಹುಡುಕುತ್ತಿದ್ದದ್ದು ನಿನ್ನ ಅಣ್ಣನ ಆಳುಗಳನ್ನು. ನಿನ್ನ ಅಣ್ಣ ನನ್ನ ಮಾತು ನಂಬದೆ ಅವರನ್ನು ಇವತ್ತೇ ಕಳಿಸಿದ್ದರೆ? ಮೂರನೆಯ ಬಸ್ಸು ಹೋದ ಮೇಲೆ ತಡೆಯಲಾಗಲಿಲ್ಲ.

"ಆಕಿ ಬರಂಗಿಲ್ಲ ತಮ್ಮಾ. ಡಬ್ಬಿ ವಾಪಸ್ ಕೊಟ್ಟಾಳ."

"ಮುಚ್ಚಳ ತಗದು ನೋಡಿದ್ಲಾ?"

"ನೋಡೇ ಕೊಟ್ಟಾಳ."

ಅವನು ಬೈಯಲಿಲ್ಲ. ಬೈದಿದ್ದರೆ ಸತ್ಯ ಬಾಯಿಗೆ ಬರುತ್ತಿತ್ತೇನೋ. ಚೀಲದಿಂದ ಆ ಎರಡು ಲೋಟ ತೆಗೆದು ನನ್ನ ಕೈಗಿಟ್ಟ. "ಇವನ್ನ ಯಾರಿಗರ ಮಾರಕ್ಕಾ." ರಾಯಚೂರಿನ ಬಸ್ಸು ಹತ್ತಿದ. ಮತ್ತೆ ಈ ಕಡೆ ಬರಲಿಲ್ಲ.

ಆ ಲೋಟಗಳನ್ನು ನಾನು ಮಾರಿದೆ, ನೀಲಾ. ಬಳಗಾನೂರಿನಲ್ಲಿ.

ಬುಧವಾರದ್ದು ನಿನಗೇ ಗೊತ್ತು. ಮಧ್ಯಾಹ್ನದವರೆಗೆ ನಿಂತೆಯಂತೆ. ನಿನ್ನ ಅಣ್ಣ ಬಂದು ಕೂಗಾಡದೆ ಪಕ್ಕದಲ್ಲಿ ಕುಳಿತು, "ಬಂದನೇನವ್ವಾ?" ಎಂದು ಕೇಳಿದನಂತೆ. ಆ ತಿಂಗಳೇ ನಿನ್ನನ್ನು ಲಿಂಗಸುಗೂರಿಗೆ ಕೊಟ್ಟರು.

ಒಂದು ಜೀವ ಉಳಿಸಿದೆ ಎಂದು ನಾನು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಅಂಗಡಿಗೆ ಬರುವ ಹೆಣ್ಣುಮಕ್ಕಳಿಗೆ ಬುದ್ಧಿ ಹೇಳುವ ಚಟ ನನಗೆ — ಪಾತ್ರೆ ಕೊಳ್ಳುವಾಗ ತಳ ತಿರುವಿ ನೋಡಿರಿ, ಮೇಲಿನ ಹೊಳಪಿಗೆ ಮರುಳಾಗಬೇಡಿರಿ ಎಂದು. ನನ್ನ ಮಾತಿನ ತಳ ಮಾತ್ರ ನಾನು ತಿರುವಿ ನೋಡಲಿಲ್ಲ. ನೋಡಿದ್ದರೆ ಲೆಕ್ಕ ಬಹಳ ಸುಲಭ: ನಿನ್ನ ಅಣ್ಣನಿಗೊಬ್ಬನಿಗೇ ಬುಧವಾರ ಎಂದು ಹೇಳಿ, ನಿನ್ನ ಮುಚ್ಚಳದಲ್ಲಿ ಮಂಗಳವಾರ ಎಂದೇ ಹಾಕಿದ್ದರೆ ಸಾಕಿತ್ತು. ಅವನು ಬರುವ ಹೊತ್ತಿಗೆ ನೀವು ದಾಟಿ ಒಂದು ದಿನವಾಗಿರುತ್ತಿತ್ತು. ಇದು ನನಗೆ ಆಗಲೇ ಹೊಳೆದಿತ್ತು, ಉಳಿ ಕೈಯಲ್ಲಿದ್ದಾಗಲೇ. ಆದರೆ ಆಗ ಮಳಿಗೆ ಸಿಗುತ್ತಿರಲಿಲ್ಲ.

ಈಗ ಆ ಇನ್ನೊಂದು ಮಾತು. ನಿನ್ನ ಅಣ್ಣ ಕೊಡುತ್ತೇನೆಂದದ್ದು ಹಿಂದಿನ ಸಾಲಿನ ಮಳಿಗೆ. ನಾನು ಹೇಳಿದೆ: "ಹಿಂದಿಂದು ಬ್ಯಾಡ್ರಿ ಧಣೇರ. ರಸ್ತೆ ಕಡಿದ್ದು ಕೊಡ್ರಿ."

ಹೋದ ವಾರ ನೀನು ಅದೇ ರಸ್ತೆ ಕಡೆಯ ಅಂಗಡಿಗೆ ಮಗಳ ಕೈ ಹಿಡಿದು ಬಂದೆ. ಶಾಲೆಗೆ ಬುತ್ತಿ ಒಯ್ಯಲು ಡಬ್ಬಿಗೆ ಅವಳ ಹೆಸರು ಹಾಕಬೇಕೆಂದು ಮುಂದಿಟ್ಟೆ. ಅದೇ ಡಬ್ಬಿ. ನಾನು ಮುಚ್ಚಳ ತೆರೆದು ಉಳಿ ಕೆಳಗಿಟ್ಟದ್ದು ನೋಡಿ ನೀನೇ ನನ್ನನ್ನು ಸಮಾಧಾನ ಮಾಡಿದೆ: "ಅವ ಬರಲಿಲ್ಲ, ಏನ್ ಮಾಡೋದು ಬಿಡಕ್ಕಾ. ನೀ ಯಾಕ ಮನಸ್ಸಿಗೆ ಹಚ್ಕೊಂತಿ? ನೀ ಆಗಿದ್ದಿ ಅಂತ ಅಷ್ಟರ ಮಾಡಿದಿ."

ಡಬ್ಬಿ ನನ್ನ ಬಳಿಯೇ ಇದೆ. ಮಗಳ ಹೆಸರು ಇನ್ನೂ ಹಾಕಿಲ್ಲ. ಸ್ಟೀಲಿನ ಮೇಲೆ ಹೊಡೆದ ಚುಕ್ಕಿ ಅಳಿಸಲು ಬರುವುದಿಲ್ಲ, ಬುಧವಾರದ ಕೆಳಗೆ ಇನ್ನೊಂದು ಸಾಲು ಹಾಕಿದ್ದೇನೆ — "ಮಂಗಳವಾರ ಬಂದಿದ್ದ." ಯಾರ ಕೈಯಲ್ಲೂ ಕಳಿಸುವುದಿಲ್ಲ. ನಾನೇ ಲಿಂಗಸುಗೂರಿಗೆ ತಂದು ನಿನ್ನ ಹೊಸ್ತಿಲ ಹೊರಗೆ ನಿಲ್ಲುತ್ತೇನೆ. ಮುಚ್ಚಳ ತೆಗೆದು ಓದಿಕೋ. ಆಮೇಲೆ ನನ್ನನ್ನು ಯಕ್ಕಾ ಎಂದು ಕರೆಯಬೇಡ.