ಆಯಿಯ ಕಾಲು ತುಳಿದ ಲೆಕ್ಕ

ಬೆಳ್ಳುಳ್ಳಿ ಹಾಕಿ ಕಾಸಿದ ಕುಸುಬಿ ಎಣ್ಣೆಯ ವಾಸನೆ ಮೊದಲು ಮೂಗಿಗೆ ಖಾರವಾಗಿ ಬಡಿಯುತ್ತದೆ. ಆಮೇಲೆ ಮೆತ್ತಗಾಗಿ ಸೀರೆ, ಕೂದಲು, ಹಾಸಿಗೆ ಎಲ್ಲಕ್ಕೂ ಹತ್ತಿಕೊಂಡು ಮೂರು ದಿನವಾದರೂ ಹೋಗುವುದಿಲ್ಲ. ಸೋಲಾಪುರದ ಈ ಮನೆಯಲ್ಲಿ ಸೊಸೆ ದಿನಾ ಊಟವಾದ ಮೇಲೆ ಅದನ್ನು ಕಾಸಿ, ಬಟ್ಟಲಲ್ಲಿ ಸುರುವಿ ನನ್ನ ಮಂಚದ ಪಕ್ಕ ಇಟ್ಟು ಹೋಗುತ್ತಾಳೆ. ನಾನು ಮೊಣಕಾಲಿನಿಂದ ಕೆಳಗೆ ತಿಕ್ಕಿಕೊಳ್ಳುತ್ತೇನೆ. ಗುಣವಾಗುತ್ತದೆ ಎಂದಲ್ಲ, ತಿಕ್ಕುವಷ್ಟು ಹೊತ್ತು ಕಾಲು ಸುಮ್ಮನಿರುತ್ತದೆ ಎಂದು. ಇದು ನೋವಲ್ಲ, ಜೋಮಲ್ಲ, ಉರಿಯೂ ಅಲ್ಲ. ಎಲುಬಿಗೂ ಮಾಂಸಕ್ಕೂ ನಡುವೆ ಏನೋ ಹರಿದಾಡಿ, ಏಳು, ನಡೆ ಎಂದು ಗಂಟು ಬೀಳುತ್ತದೆ. ಎದ್ದು ನಡೆದರೆ ತೆಪ್ಪಗಾಗುತ್ತದೆ, ಬಂದು ಮಲಗಿದರೆ ಮತ್ತೆ ಶುರು. ಡಾಕ್ಟರು ಇದಕ್ಕೊಂದು ಇಂಗ್ಲಿಷ್ ಹೆಸರು ಹೇಳಿದರು, ರಕ್ತದಲ್ಲಿ ಕಬ್ಬಿಣ ಎಷ್ಟಿದೆ ಎಂದು ನೋಡಿದರು, ಗುಳಿಗೆ ಬರೆದರು. ಕೆಲವು ತಿಂಗಳು ಚೆನ್ನಾಗಿತ್ತು, ಆಮೇಲೆ ಕಾಲುಗಳು ಗುಳಿಗೆಗೂ ಒಗ್ಗಿಕೊಂಡವು. ಮೂವತ್ತು ವರ್ಷ ಗುಮಾಸ್ತೆಯಾಗಿ ಕುರ್ಚಿ ಬಿಟ್ಟೇಳದೆ ಕೂತವಳು ನಾನು. ಈಗ ಎಪ್ಪತ್ತೊಂದರಲ್ಲಿ ಒಂದು ಧಾರಾವಾಹಿ ಮುಗಿಯುವವರೆಗೆ ಕೂರಲಾರೆ. ನಿಜ ಹೇಳಬೇಕೆಂದರೆ, ಸಾಕಾಗಿದೆ.

ಈ ವಾಸನೆ ನನಗೆ ಹೊಸದಲ್ಲ. ನಮ್ಮೂರು ವಾಗದರಿಯ ಮನೆಯ ಪಡಸಾಲೆಯಲ್ಲಿ ದೀಪ ಹಚ್ಚುವ ಹೊತ್ತಿಗೆ ಇದೇ ವಾಸನೆ ಏಳುತ್ತಿತ್ತು. ಅಪ್ಪನ ತಾಯಿಗೆ ನಾವು ಆಯಿ ಎನ್ನುತ್ತಿದ್ದೆವು. ಅವಳಿಗೂ ಇದೇ ಕಾಲು, ಇದೇ ಹೊತ್ತು. ಹಗಲೆಲ್ಲ ಬಾವಿಯ ಹತ್ತಿರದ ಲಿಂಬೆ ಗಿಡಗಳ ನಡುವೆ ಅವಳು ಓಡಾಡಿಕೊಂಡು ಇರುತ್ತಿದ್ದಳು, ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ. ಸಂಜೆ ಗೋಡೆಗೆ ಒರಗಿ ಕೂತಳೆಂದರೆ ಪಾದ ತಾನೇ ಅಲ್ಲಾಡತೊಡಗುತ್ತಿತ್ತು. ಕೂತಲ್ಲಿ ಕಾಲು ಅಲ್ಲಾಡಿಸಿದರೆ ಮನೆಯಲ್ಲಿ ಲಕ್ಷ್ಮಿ ನಿಲ್ಲುವುದಿಲ್ಲ ಎಂಬುದು ನಮ್ಮ ಕಡೆಯ ನಂಬಿಕೆ. ಅಪ್ಪ ಬಾಯಿ ಬಿಟ್ಟು ತಾಯಿಗೆ ಏನೂ ಅನ್ನುತ್ತಿರಲಿಲ್ಲ, ಆದರೆ ಒಮ್ಮೆ ಆ ಪಾದದ ಕಡೆ ನೋಡುತ್ತಿದ್ದ. ಅಷ್ಟೇ ಸಾಕು, ಆಯಿ ಎರಡೂ ಕಾಲನ್ನು ಮಡಚಿ ತನ್ನ ಕೆಳಗೇ ಹಾಕಿಕೊಂಡು ಅದರ ಮೇಲೆ ಕೂರುತ್ತಿದ್ದಳು. ಹಾಗೆ ಕೂತಾಗ ಅವಳ ಮುಖದಲ್ಲಿ ಏನಿರುತ್ತಿತ್ತೋ ನಾನು ನೋಡಲಿಲ್ಲ. ಇವತ್ತು ನನಗೆ ಕನ್ನಡಿ ಬೇಕಿಲ್ಲ, ಅದು ಹೇಗಿದ್ದಿರಬೇಕೆಂದು ಗೊತ್ತು.

ಮನೆಯಲ್ಲಿ ಎಲ್ಲರೂ ಒಪ್ಪಿದ್ದ ಉಪಾಯ ಒಂದೇ, ತುಳಿಸಿಕೊಳ್ಳುವುದು. ಆಯಿ ಬೋರಲಾಗಿ ಮಲಗುತ್ತಿದ್ದಳು. ನಾನು ಅವಳ ಕಾಲಿನ ಮೇಲೆ ಹತ್ತಿ ಮೀನಖಂಡದಿಂದ ಹಿಮ್ಮಡಿಯವರೆಗೆ, ಹಿಮ್ಮಡಿಯಿಂದ ಮೇಲಕ್ಕೆ ನಿಧಾನ ತುಳಿಯಬೇಕು. ಬೀಳದಂತೆ ಹಿಡಿಯಲು ತೊಲೆಯಿಂದ ಇಳಿಬಿದ್ದ ಹಳೇ ತೊಟ್ಟಿಲ ಹಗ್ಗ ಇತ್ತು. ಅಪ್ಪನನ್ನು ತೂಗಿದ ಹಗ್ಗ ಅದು, ಕೈ ತಾಗಿ ತಾಗಿ ನುಣ್ಣಗಾಗಿತ್ತು. ನೂರು ಹೆಜ್ಜೆ ತುಳಿಯಬೇಕು, ತುಳಿದ ಮೇಲೆ ಇಳಿದು ಆ ಕಾಲಿಗೇ ಹಣೆ ಹಚ್ಚಿ ನಮಸ್ಕಾರ ಮಾಡಬೇಕು. ಹಿರಿಯರನ್ನು ತುಳಿದ ದೋಷ ಅದರಿಂದ ಹೋಗುತ್ತದಂತೆ. ದೊಡ್ಡವರು ತುಳಿಯುವಂತಿಲ್ಲ, ಸೊಸೆಯ ಪಾದವಂತೂ ಅತ್ತೆಗೆ ತಾಗಲೇಬಾರದು. ಮನೆಯಲ್ಲಿ ಇದ್ದ ಮಗು ನಾನೊಬ್ಬಳೇ. ಹೊರಗೆ ಓಣಿಯ ಹುಡುಗಿಯರು ಕುಂಟಾಟ ಹಾಕಿರುತ್ತಿದ್ದರು, ಅವರ ಕೇಕೆ ಪಡಸಾಲೆಗೆ ಕೇಳುತ್ತಿತ್ತು. ಒಂಬತ್ತು ವರ್ಷದ ಹುಡುಗಿಗೆ ನೂರು ಎಂಬುದು ಬಹಳ ದೊಡ್ಡದು.

ಆಗ ನನಗೊಂದು ಕಳ್ಳಬುದ್ಧಿ ಹೊಳೆಯಿತು. ನನ್ನ ಶಾಲೆ ಮರಾಠಿ, ಆಯಿ ಶಾಲೆಯ ಮೆಟ್ಟಿಲು ಕಂಡವಳಲ್ಲ. ಮನೆಯಲ್ಲಿ ಅವಳ ಬಾಯಲ್ಲಿ ಕನ್ನಡ ಬಿಟ್ಟು ಬೇರೆ ಕೇಳಿದ್ದಿಲ್ಲ. ನಾನು ಹೆಜ್ಜೆಗಳನ್ನು ಮರಾಠಿಯಲ್ಲಿ ಎಣಿಸತೊಡಗಿದೆ. ಏಕ್, ದೋನ್, ತೀನ್ ಎಂದು ಶುರುಮಾಡಿ ಪನ್ನಾಸ್‌ವರೆಗೆ, ಅಂದರೆ ಐವತ್ತರವರೆಗೆ, ಸರಿಯಾಗಿ ಹೋಗುತ್ತಿದ್ದೆ. ಅಲ್ಲಿಂದ ಒಂದೇ ನೆಗೆತಕ್ಕೆ ಎಕ್ಯಾಐಂಶಿ, ಎಂಬತ್ತೊಂದು. ನಡುವಿನ ಮೂವತ್ತು ದಿನಾ ನುಂಗಿಬಿಡುತ್ತಿದ್ದೆ. ಮೊದಲ ದಿನ ಹಾಗೆ ನೆಗೆದು ಹಗ್ಗ ಗಟ್ಟಿಯಾಗಿ ಹಿಡಿದುಕೊಂಡೆ. ಆಯಿ ಹಾಸಿಗೆಗೆ ಮುಖ ಒತ್ತಿಕೊಂಡೇ, "ಹೂಂ, ಮುಂದ" ಎಂದಳು. ಶಂಭರ್, ನೂರು, ಎಂದು ಕೂಗಿ ನಾನು ಇಳಿದೆ, ಆ ಕಾಲಿಗೆ ಹಣೆಯನ್ನೂ ಹಚ್ಚಿದೆ.

"ಹಗುರಾತ ನೋಡವ್ವ," ಎಂದಳು ಆಯಿ. "ಇನ್ನ ನಿದ್ದಿ ಬರ್ತದ. ಹೋಗು, ಆಡ್ಹೋಗು."

ದಿನಾ ಇದೇ ಮಾತು. ಆಮೇಲೆ ನಾವೆಲ್ಲ ಮಲಗುವ ಹೊತ್ತಿಗೆ ಎದ್ದು, "ಎಮ್ಮಿ ನೋಡಿ ಬರ್ತೀನಿ" ಎಂದು ಹಿತ್ತಲಿಗೆ ಹೋಗುತ್ತಿದ್ದಳು. ಅವಳ ಕಾಲುಂಗುರ ಹಾಸುಗಲ್ಲಿಗೆ ತಾಗುವ ಸದ್ದು ಕೇಳುತ್ತಾ ನನಗೆ ನಿದ್ದೆ ಹತ್ತುತ್ತಿತ್ತು.

ಒಂದು ಸಲ ರಜೆಯಲ್ಲಿ ಆಯಿ ನನ್ನನ್ನು ಅಕ್ಕಲಕೋಟದ ಸಂತೆಗೆ ಕರೆದುಕೊಂಡು ಹೋದಳು. ಬುಟ್ಟಿ ತುಂಬ ನಮ್ಮ ಲಿಂಬೆಹಣ್ಣು ಇದ್ದವು, ಬಸ್ಸಿನಲ್ಲಿ ಅದರ ವಾಸನೆಗೆ ಪಕ್ಕದವರೆಲ್ಲ ತಿರುಗಿ ನೋಡುತ್ತಿದ್ದರು. ಯಾತ್ರಿಕರಿಗೆ ಊಟ ಹಾಕುವ ಖಾನಾವಳಿಯ ಮರಾಠಿ ಮನುಷ್ಯನೊಬ್ಬ ಬಂದು ನೂರು ಹಣ್ಣು ಬೇಕೆಂದ. ಆಯಿ ಸೆರಗು ಸಿಕ್ಕಿಸಿ ಎಣಿಸಲು ಕೂತಳು. ಏಕ್, ದೋನ್, ತೀನ್. ಅವಳ ಕೈ ಎಷ್ಟು ಚುರುಕೋ ಬಾಯಿಯೂ ಅಷ್ಟೇ ಚುರುಕು. ಪನ್ನಾಸ್ ಬಂತು.  ಏಕಾವನ್ನ, ಬಾವನ್ನ, ತ್ರೇಪನ್ನ ಎಂದು ಒಂದನ್ನೂ ಬಿಡದೆ ಅವಳು ಮುಂದೆ ಹೋದಳು. ಆ ಮೂವತ್ತು ಹೆಸರುಗಳನ್ನು ನಾನು ಆ ಬಿಸಿಲಲ್ಲಿ ನಿಂತು ಕೇಳಿದೆ, ಕಿವಿ ಸುಡುತ್ತಿತ್ತು. ಶಂಭರ್ ಎಂದು ಕೊನೆಯ ಹಣ್ಣು ಅವನ ಚೀಲಕ್ಕೆ ಹಾಕಿದಳು. ನನ್ನ ಕಡೆ ತಿರುಗಲೂ ಇಲ್ಲ. ಬರುವಾಗ ಪುಠಾಣಿ, ಬೆಲ್ಲ ಕೊಡಿಸಿದಳು, ಬಸ್ಸಿನಲ್ಲಿ ನನ್ನನ್ನು ಕಿಟಕಿಯ ಹತ್ತಿರ ಕೂರಿಸಿದಳು. ಅವಳು ಬೈದಿದ್ದರೆ ಆವತ್ತೇ ಮುಗಿದುಹೋಗುತ್ತಿತ್ತು.

ಅವತ್ತು ಸಂಜೆ ನಾನಾಗಿಯೇ ಹೋಗಿ ಹಗ್ಗ ಹಿಡಿದೆ. ನೂರೂ ತುಳಿಯಬೇಕೆಂದು ಗಟ್ಟಿ ಮಾಡಿಕೊಂಡಿದ್ದೆ. ಐವತ್ತಕ್ಕೆ ಬಂದಾಗ ಆಯಿಯೇ, "ಸಾಕು, ಇಳಿಯವ್ವ. ಸಂತಿ ತಿರಗಿ ನಿನಗೂ ದಣಿವಾಗೇದ," ಎಂದಳು. ಮರುದಿನ ನೂರು ತುಳಿದೆ, ಅದರ ಮರುದಿನವೂ ತುಳಿದೆ. ಮೂರನೆಯ ದಿನ ಹೊರಗೆ ಕುಂಟಾಟದ ಕೇಕೆ ಕೇಳಿತು, ಪನ್ನಾಸ್ ಆದ ಮೇಲೆ ಮತ್ತೆ ಎಕ್ಯಾಐಂಶಿ ಬಂತು. ಗೊತ್ತಿದ್ದೂ ಮಾಡಿದೆ, ಅವಳಿಗೆ ಗೊತ್ತಿದೆ ಎಂದು ಗೊತ್ತಿದ್ದೂ ಮಾಡಿದೆ. ಮಕ್ಕಳ ನಾಚಿಕೆಗೆ ಅಷ್ಟೇ ಆಯುಷ್ಯವೋ, ಅಥವಾ ನಾನೇ ಅಂಥವಳೋ. "ಹೂಂ, ಮುಂದ" ಎಂದಳು ಆಯಿ, ಎಂದಿನ ದನಿಯಲ್ಲೇ.

ಮುಂದಿನ ವರ್ಷ ಓದಲೆಂದು ನನ್ನನ್ನು ಸೋಲಾಪುರದ ಸೋದರಮಾವನ ಮನೆಗೆ ಕಳಿಸಿದರು. ಎರಡು ವರ್ಷದಲ್ಲಿ ಆಯಿ ಹೋದಳು. ನಾನು ಹೋಗುವಷ್ಟರಲ್ಲಿ ಮಣ್ಣಾಗಿತ್ತು. ಅವಳ ಕಾಲನ್ನು ಆಮೇಲೆ ಯಾರು ತುಳಿಯುತ್ತಿದ್ದರು ಎಂದು ಅವ್ವನನ್ನು ಕೇಳಿದೆ. "ಯಾರ್ ತುಳೀತಾರವ್ವ," ಎಂದಳು ಅವ್ವ. "ಓಣಿ ಹುಡುಗರನ್ನ ಕರೀಲೇನ್ರಿ ಅಂದ್ರ, ಬ್ಯಾಡ, ನಮ್ಮ ಕೂಸು ಸೂಟಿಗಿ ಬರ್ತದಲ್ಲ ಅಂತಿದ್ರು." ಅಪ್ಪ, ಅವ್ವ ಇಬ್ಬರೂ ಈಗಿಲ್ಲ. ಆ ಮನೆ ಬಿದ್ದು, ತೊಲೆಗಳು ಯಾರದೋ ಒಲೆ ಸೇರಿ, ಈಗ ಆ ಜಾಗದಲ್ಲಿ ಬೇರೆಯವರ ಸಿಮೆಂಟಿನ ಮನೆ ಇದೆ. ತೊಟ್ಟಿಲ ಹಗ್ಗ ಏನಾಯಿತೋ ತಿಳಿಯದು.

ನನ್ನ ಮೊಮ್ಮಗಳು ಈಶ್ವರಿಗೆ ಎಂಟು ವರ್ಷ. ಅವಳನ್ನು ಕೇಳಬಾರದು ಎಂದು ನಾನು ಬಹಳ ದಿನ ತಡೆದುಕೊಂಡೆ, ಯಾವ ಮುಖ ಇಟ್ಟುಕೊಂಡು ಕೇಳಲಿ. ಕಳೆದ ವಾರ ನಾನು ಎಣ್ಣೆ ತಿಕ್ಕುವುದನ್ನು ನೋಡುತ್ತ ನಿಂತವಳು, "ಆಜಿ, ಕಾಲು ಭಾಳ ದುಖತಾವೇನು? ನಾ ಏನಾರ ಮಾಡೂ?" ಎಂದಳು. ಮನೆಯಲ್ಲಿ ಅವಳ ಮಾತು ಅರ್ಧ ಮರಾಠಿ, ಅರ್ಧ ಕನ್ನಡ. ನನ್ನ ಬಾಯಿಂದ ತಾನಾಗಿ ಹೊರಟುಹೋಯಿತು, "ತುಳೀತೀಯೇನವ್ವ, ನೂರ?"

ನಾನು ಬೋರಲಾಗಿ ಮಲಗಿದೆ. ಅವಳು ಕಿಟಕಿಯ ಸರಳು ಹಿಡಿದು ಹತ್ತಿದಳು. ಎಷ್ಟು ಸಣ್ಣ ಪಾದ, ಎಷ್ಟು ಬೆಚ್ಚಗೆ. ವನ್, ಟೂ, ಥ್ರೀ ಎಂದು ಇಂಗ್ಲಿಷಿನಲ್ಲಿ ಎಣಿಸತೊಡಗಿದಳು. ಹೊರಕೋಣೆಯ ಟಿವಿಯಲ್ಲಿ ಅವಳ ಕಾರ್ಟೂನು ಶುರುವಾದ ಸದ್ದು ಕೇಳಿತು. ಈಗ ನೆಗೆಯುತ್ತಾಳೆ ಎಂದುಕೊಂಡೆ. ನೆಗೆಯಲಿ ಎಂದೂ ಅಂದುಕೊಂಡೆ. "ಹೂಂ, ಮುಂದ" ಎನ್ನಲು ನಾಲಿಗೆಯ ತುದಿಯಲ್ಲೇ ಇಟ್ಟುಕೊಂಡಿದ್ದೆ. ಅಷ್ಟಾದರೂ ಮಾಡಿದರೆ ಆಯಿಗೆ ಏನೋ ಮುಟ್ಟೀತು ಎಂದು ಒಂದು ಆಸೆ. ಫಿಫ್ಟಿ ಬಂತು. ಒಂದು ಕ್ಷಣ ನಿಂತಳು, ಉಸಿರು ತೆಗೆದುಕೊಂಡಳು. "ಫಿಫ್ಟಿ ವನ್," ಎಂದಳು.

ಒಂದನ್ನೂ ಬಿಡಲಿಲ್ಲ ಅವಳು. ನಾನು ದಿಂಬಿಗೆ ಮುಖ ಒತ್ತಿಕೊಂಡು ಆ ಮೂವತ್ತು ಹೆಜ್ಜೆಗಳನ್ನು ಒಂದೊಂದಾಗಿ ಕಾಲ ಮೇಲೆ ಇಳಿಸಿಕೊಂಡೆ. ಅಳು ಬಂತೆಂದು ಬೇರೆ ಹೇಳಬೇಕಾಗಿಲ್ಲ. ಹಂಡ್ರೆಡ್ ಎಂದು ಮುಗಿಸಿ, "ಆಜಿ, ಇನ್ನೊಂದ ಶಂಭರ್ ಮಾಡೂ?" ಎಂದು ಕೇಳಿದಳು.

ಕಾಲು ಒಂದಿಷ್ಟೂ ಹಗುರಾಗಿರಲಿಲ್ಲ. ಪೂರಾ ನೂರು ತುಳಿದರೂ ಒಳಗೆ ಅದೇ ಹರಿದಾಟ, ಅದೇ ಏಳು ನಡೆ. "ಬ್ಯಾಡವ್ವ," ಎಂದೆ. "ಹಗುರಾತ ನೋಡು. ಇನ್ನ ನಿದ್ದಿ ಬರ್ತದ. ಹೋಗು, ನಿನ್ನ ಕಾರ್ಟೂನ್ ನೋಡ್ಹೋಗು." ಅವಳು ನಕ್ಕು, ಜಿಗಿದು ಓಡಿದಳು. ಮಾತು ಬಾಯಿಂದ ಬಿದ್ದ ಮೇಲೆ ಅದು ಯಾರ ಮಾತೆಂದು ತಿಳಿಯಿತು. ನೂರು ಹೆಜ್ಜೆಗೆ ಹಗುರಾಗದ್ದು ನಾನು ತುಳಿದ ಎಪ್ಪತ್ತಕ್ಕೆ ಆಯಿಗೆ ಎಲ್ಲಿ ಹಗುರಾಗಿದ್ದೀತು? ದಿನಾ ಹಗುರಾತು ಎಂದಳಲ್ಲ, ದಿನಾ ಆಡಲು ಕಳಿಸಿದಳಲ್ಲ.

ಸ್ವಲ್ಪ ಹೊತ್ತಿಗೆ ಎದ್ದೆ. ಎಲ್ಲಿಗೆ ಎಂದು ಸೊಸೆ ಕೇಳಿದಳು. ಗ್ಯಾಸ್ ಬಂದ್ ಆಗಿದೆಯೇ ನೋಡಿ ಬರುತ್ತೇನೆ ಎಂದೆ. ಅಡುಗೆಮನೆಯಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಅಡುಗೆಮನೆಗೆ ನಡೆಯುತ್ತಿರುವಾಗ ನೆನಪಾಯಿತು, ನಮ್ಮ ಎಮ್ಮೆಯನ್ನು ನಾನು ಶಾಲೆಗೆ ಸೇರುವ ಮೊದಲೇ ಮಾರಿದ್ದರು. ಕೊಟ್ಟಿಗೆ ಖಾಲಿ ಇತ್ತು. ಅಷ್ಟು ವರ್ಷ ಆಯಿ ಎಮ್ಮೆ ನೋಡಿ ಬರುತ್ತೇನೆಂದು ಹೋಗುತ್ತಿದ್ದಳು, ಯಾವ ಎಮ್ಮೆ ಎಂದು ನಾನು ಒಂದು ದಿನವೂ ಕೇಳಲಿಲ್ಲ.