ಗೋಣಿಚೀಲದಲ್ಲಿ ಬಂದ ಕಪ್ಪೆಚಿಪ್ಪುಗಳು

ಹೊಸ ಶತಮಾನ ಶುರುವಾದ ಹೊತ್ತಿನ ಒಂದು ಬೇಸಿಗೆ. ಸುಳ್ಳ ಗ್ರಾಮದಿಂದ ಹುಬ್ಬಳ್ಳಿಗೆ ಹೋಗುವ ಬೆಳಗಿನ ಬಸ್ಸು ಎಂದಿನಂತೆ ತಡವಾಗಿ ಬಂತು. ಅಷ್ಟರೊಳಗೆ ಬಿಸಿಲು ಏರಿತ್ತು, ನನ್ನ ಸಿಟ್ಟೂ ಏರಿತ್ತು. ಕಾಲ ಬಳಿ ಒದ್ದೆ ಗೋಣಿಚೀಲ, ಅದರೊಳಗೆ ಜೀವಂತ ಕಪ್ಪೆಚಿಪ್ಪುಗಳು. ಊರಿನ ಕೆರೆಯ ಹೂಳೆತ್ತುತ್ತಿದ್ದರು. ಟ್ರ್ಯಾಕ್ಟರುಗಳು ಕೆಸರಿನ ಜೊತೆ ಇವನ್ನೂ ಹೊಲಕ್ಕೆ ಸುರಿದು ಬರುತ್ತಿದ್ದವು.

ನಾನು ಧಾರವಾಡದ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವವಳು. ಸಿಹಿನೀರಿನ ಚಿಪ್ಪುಗಳು ಜಗತ್ತಿನಲ್ಲೆಲ್ಲ ಕಡಿಮೆಯಾಗುತ್ತಿವೆ ಎಂದು ಪಾಠ ಹೇಳುವುದು ಸುಲಭ. ಸುತ್ತಲಿನ ಕೆರೆಗಳನ್ನೆಲ್ಲ ಜಾಲಾಡಿದರೂ ಈ ಜಾತಿ ನನಗೆ ಇಲ್ಲೊಂದೇ ಕಡೆ ಸಿಕ್ಕಿತ್ತು. ಧಾರವಾಡದಲ್ಲಿ ಗೆಳತಿಯ ತೋಟದಲ್ಲೊಂದು ಮೀನಿನ ಹೊಂಡವಿತ್ತು. ಚಿಪ್ಪಿನ ಮರಿಗಳು ಮೀನಿನ ಕಿವಿರಿಗೆ ಅಂಟಿಕೊಂಡು ಬೆಳೆಯುವುದರಿಂದ ಬರೀ ನೀರಿದ್ದರೆ ಸಾಲದು. ಅಲ್ಲಿಗೆ ಮುಟ್ಟುವವರೆಗೆ ಚೀಲ ಒಣಗಬಾರದಿತ್ತು.

ಕಂಡಕ್ಟರ್ ಮೂಗು ಮುಚ್ಚಿಕೊಂಡು, ಚೀಲ ಟಾಪಿನ ಮೇಲೆ ಹಾಕಿರಿ ಎಂದ. ಕಾದ ತಗಡಿನ ಮೇಲೆ ಅವು ಬೆಂದೇ ಹೋಗುತ್ತಿದ್ದವು. ನಾನು ಚೀಲ ಬಿಡಲಿಲ್ಲ. ಪಕ್ಕದ ಸೀಟಿನಲ್ಲಿದ್ದ ಅದೇ ಊರಿನ ಗಂಗವ್ವಜ್ಜಿ, ಕೊರಳಲ್ಲಿ ಲಿಂಗ ಕಟ್ಟಿಕೊಂಡವರು, ಮಾಂಸವೇನೋ ಎಂದು ದೂರ ಸರಿದಿದ್ದರು. ಇವಕ್ಕೆ ಜೀವವಿದೆ, ಉಳಿಸಲಿಕ್ಕೆ ಒಯ್ಯುತ್ತಿದ್ದೇನೆ ಎಂದೆ.

"ಜೀವ ಅದಾವಂದ್ರ ಬಿಸಲಾಗ ಯಾಕ ಹಾಕ್ತೀಯಪಾ?" ಎಂದು ಅವರು ಕಂಡಕ್ಟರನನ್ನು ಕೇಳಿ, ಚೀಲವನ್ನು ತಮ್ಮ ಸೀಟಿನ ಕೆಳಗೇ ಎಳೆದುಕೊಂಡರು. ಅವನು ಲಗೇಜಿನ ಟಿಕೆಟ್ ಹರಿದು ಕೊಟ್ಟ.

ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸಬೇಕು. ಅಜ್ಜಿಯೂ ಧಾರವಾಡಕ್ಕೆ, ಮಗಳ ಮನೆಗೆ ಹೊರಟವರು. ಚೀಲ ಅವರಿಗೆ ಒಪ್ಪಿಸಿ, ಅದರ ಮೇಲೆ ಚಿಮುಕಿಸಲು ಚಹಾದಂಗಡಿಯಿಂದ ನೀರು ಕಾಡಿಬೇಡಿ ತಂದೆ. ಬಂದು ನೋಡಿದರೆ ಎಲ್ಲಕ್ಕಿಂತ ದೊಡ್ಡ ಚಿಪ್ಪು ಅಜ್ಜಿಯ ಮಡಿಲಲ್ಲಿ ಅಗಲವಾಗಿ ತೆರೆದು ಬಿದ್ದಿತ್ತು. ಎಲೆ ಅಡಿಕೆಯ ಚಂಚಿಯಿಂದ ಅಡಕತ್ತರಿ ತೆಗೆದು ಮೀಟಿದ್ದರು. ಸಾಯುವವರ ಬಾಯಿಗೆ ಬಿಡುವ ಹಾಗೆ ಅದಕ್ಕೆ ತಮ್ಮ ಕುಡಿಯುವ ನೀರನ್ನು ಬಿಡುತ್ತಿದ್ದರು.

"ಬಾಯಿ ಬಿಗಿ ಹಿಡದಿದ್ವವ್ವಾ. ನೀರಡಿಸಿ ಹೋಗಬಾರದಂತ ಒಂದ್ ಹನಿ ಬಿಟ್ನಿ."

ನನಗೆ ಮೈಯೆಲ್ಲ ಉರಿಯಿತು. ಬಾಯಿ ಮುಚ್ಚಿಕೊಂಡದ್ದಕ್ಕೇ ಅವು ಬದುಕಿದ್ದು, ಮೀಟಿದರೆ ಒಳಗಿನ ಸ್ನಾಯು ಹರಿದು ಸಾಯುತ್ತವೆ ಎಂದು ಜೋರಾಗಿಯೇ ಹೇಳಿದೆ. ಅಜ್ಜಿ ಆ ಚಿಪ್ಪನ್ನು ಮೆಲ್ಲಗೆ ಚೀಲಕ್ಕಿಟ್ಟು, ಅಡಕತ್ತರಿಯನ್ನು ಚಂಚಿಗೆ ಹಾಕಿಕೊಂಡರು. ಧಾರವಾಡದ ಬಸ್ಸು ನವಲೂರು ದಾಟಿದ ಮೇಲೆ, ಉಳಿದವಾದರೂ ಬದುಕಿವೆಯೇ ಎಂದು ಕೇಳಿದರು. ನೀರಿಗೆ ಬಿಟ್ಟ ಮೇಲೆಯೇ ಗೊತ್ತಾಗುವುದು ಎಂದೆ. ಮಗಳ ಮನೆಗೆ ಆಮೇಲೆ ಹೋದರಾಯಿತು ಎಂದು ನನ್ನ ಜೊತೆಗೇ ಇಳಿದರು.

ಹೊಂಡದ ಅಂಚಿನ ಕೆಸರಿನಲ್ಲಿ ಒಂದೊಂದಾಗಿ ಇಟ್ಟೆವು. ಮೀಟಿದ್ದನ್ನೂ ಇಟ್ಟೆ, ಬೆರಳು ತಾಗಿಸಿದರೂ ಅದು ಮುಚ್ಚಿಕೊಳ್ಳಲಿಲ್ಲ. ಉಳಿದವು ಕಲ್ಲಿನ ಹಾಗೆ ಬಿದ್ದಿದ್ದವು. ಎಲ್ಲವೂ ಸತ್ತಿದ್ದರೆ ಎಂದು ಒಂದೊಂದನ್ನೇ ದಿಟ್ಟಿಸುತ್ತ ಕೂತೆ. ಬಹಳ ಹೊತ್ತಿನ ಮೇಲೆ ಒಂದು ಚಿಪ್ಪು ಕೂದಲೆಳೆಯಷ್ಟು ಬಾಯಿ ಬಿಟ್ಟಿತು, ಆಮೇಲೆ ಅದರ ಪಕ್ಕದ್ದು. ಅಜ್ಜಿ ಬಾಗಿ ಕೈ ಚಾಚಿದರು. ಅರ್ಧಕ್ಕೇ ಹಿಂದೆಗೆದು, ಎರಡೂ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡರು.

"ತಾವ ಕುಡ್ಯಾಕತ್ತಾವ," ಎಂದರು.

ಗೆಳತಿಯನ್ನು ಕರೆಯಲು ಹೊರಟವಳು ತೋಟದ ಬಾಗಿಲಲ್ಲಿ ನಿಂತು ತಿರುಗಿ ನೋಡಿದೆ. ಅಜ್ಜಿ ಇನ್ನೂ ಅಲ್ಲೇ ಕೂತಿದ್ದರು, ಕೈಗಳು ಸೆರಗಿನೊಳಗೇ ಇದ್ದವು.